ಕಾಲು ನೆಲ ಮುಟ್ಟದ ಗಾಡಿ

ಕುಳ್ಳಗಿರುವವನೊಬ್ಬ ದೊಡ್ಡ ಗಾಡಿ ತಳ್ಳಿಕೊಂಡು ಗ್ಯಾರೇಜಿಗೆ ಬಂದು, “ಸೀಟು ಸ್ವಲ್ಪ ತಗ್ಗಿಸಿಕೊಡಿ, ಕಾಲು ನೆಲಕ್ಕೆ ತಾಗ್ತಿಲ್ಲ” ಎಂದರೆ ನಗಬಾರದು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮೊದಲ ಸಲ ನಾನೂ ನಕ್ಕೆ. ಆ ನಗುವಿನ ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಈಗ ಗ್ಯಾರೇಜಿನ ಕೆಲಸಕ್ಕೆ ಬರುವ ಹುಡುಗರು ನನ್ನನ್ನು ಹುಡುಕಿಕೊಂಡು ಬಂದು, “ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು?” ಎಂದು ಕೇಳುತ್ತಾರೆ. ಎಂಜಿನ್ ಕೆಲಸ ಹೇಗಿತ್ತು ಎನ್ನುವುದು ಪುಸ್ತಕದಲ್ಲಿ ಸಿಗುತ್ತದೆ. ಗಾಡಿಯ ಎತ್ತರ ಇಳಿಸುವ ಕೆಲಸ ಆಗ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಂಪನಿಯವರು ಒಂದೇ ಅಳತೆಯಲ್ಲಿ ಗಾಡಿ ಮಾಡಿ ಕಳಿಸುತ್ತಿದ್ದರು, ಮನುಷ್ಯರು ಬೇರೆ ಬೇರೆ ಅಳತೆಯಲ್ಲಿ ಹುಟ್ಟುತ್ತಿದ್ದರು. ನಡುವೆ ಉಳಿದ ಎರಡು ಮೂರು ಇಂಚಿಗೆ ನಮ್ಮಂಥವರೇ ಗತಿ. ಆ ಎರಡು ಮೂರು ಇಂಚಿನಲ್ಲಿ ಒಬ್ಬ ಮನುಷ್ಯನ ಬದುಕನ್ನು ನಾವು ಹೇಗೆ ಹಾಳು ಮಾಡಿದೆವು ಎಂಬುದನ್ನೇ ಬರೆಯುತ್ತೇನೆ.

ನನ್ನ ಊರು ದೇವನೂರಿನ ಕಡೆ. ಎಪ್ಪತ್ತರ ದಶಕದ ನಡುವಿನಲ್ಲಿ ತರೀಕೆರೆಯ ಮಂಜಪ್ಪ ಮೇಸ್ತ್ರಿಯವರ ಗ್ಯಾರೇಜಿಗೆ ಸೇರಿದೆ. ಕೆಲಸ ಕಲಿಸಿದವರನ್ನು ಏಕವಚನದಲ್ಲಿ ಬರೆಯಬಾರದು ಎನ್ನುತ್ತಾರೆ, ಅದಕ್ಕೆ ಬಹುವಚನ ಬಳಸುತ್ತಿದ್ದೇನೆ. ಅದರಾಚೆಗೆ ಅವರ ಮೇಲೆ ನನಗೆ ಮರ್ಯಾದೆ ಉಳಿದಿಲ್ಲ. ಅವರ ಕೈ ಚುರುಕಾಗಿತ್ತು. ಸದ್ದು ಕೇಳಿಯೇ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದರು. ಆದರೆ ಕಷ್ಟ ಹೇಳಿಕೊಂಡು ಬಂದವರನ್ನು ನಾಲ್ಕು ಜನರ ಮುಂದೆ ಹೀಯಾಳಿಸದೆ ಅವರಿಗೆ ಸ್ಪ್ಯಾನರ್ ಹಿಡಿಯಲು ಬರುತ್ತಿರಲಿಲ್ಲ. ನಾವೆಲ್ಲ ಹಲ್ಲು ಬಿಡುತ್ತಿದ್ದೆವು.

ಕಲ್ಲೇಶಪ್ಪನವರು ಅಲ್ಲಿಗೆ ಬಂದದ್ದು ನಾನು ಸೇರಿ ನಾಲ್ಕನೆಯ ವರ್ಷ. ಅಜ್ಜಂಪುರದವರು. ವಯಸ್ಸು ಮೂವತ್ತೈದರ ಆಸುಪಾಸು, ಎತ್ತರ ಐದಡಿಗೆ ಒಂದಿಂಚು ಕಡಿಮೆ. ಹಳ್ಳಿಗಳಿಂದ ಹಾಲು ಕೊಳ್ಳುವ ಒಂದು ಸೊಸೈಟಿಯಲ್ಲಿ ದನಗಳ ಕಾಂಪೌಂಡರ್ ಆಗಿದ್ದರು. ಆ ಸೊಸೈಟಿ ಮುಚ್ಚಿ ಎಷ್ಟೋ ವರ್ಷವಾಯಿತು, ಹೆಸರು ಬೇಡ. ಜನ ಅವರನ್ನು ‘ದನದ ಡಾಕ್ಟ್ರು’ ಎಂದೇ ಕರೆಯುತ್ತಿದ್ದರು. ಅಷ್ಟು ದಿನ ಸೈಕಲ್ಲಿನಲ್ಲಿ ತಿರುಗುತ್ತಿದ್ದವರಿಗೆ ಸೊಸೈಟಿಯವರು ಒಂದು ಮೋಟಾರ್ ಸೈಕಲ್ ಕೊಟ್ಟಿದ್ದರು. ಇನ್ನು ಮೇಲೆ ದಿನಕ್ಕೆ ಹತ್ತು ಹಳ್ಳಿ ನೋಡಬೇಕು, ಗಾಡಿ ಓಡಿಸಲಾಗದಿದ್ದರೆ ಕೆಲಸ ಬೇರೆಯವರಿಗೆ ಎಂಬ ಮಾತೂ ಅದರ ಜೊತೆಗೇ ಬಂದಿತ್ತು.

ಓಡಿಸುವುದು ಅವರಿಗೆ ಬರುತ್ತಿತ್ತು. ನಿಲ್ಲಿಸುವುದು ಕಷ್ಟ. ಬೆರಳ ತುದಿಯೂ ನೆಲಕ್ಕೆ ತಾಗುತ್ತಿರಲಿಲ್ಲ. ಯಾವ ಊರಿನಲ್ಲಿ ಯಾವ ಜಗಲಿ ಇದೆ, ಎಲ್ಲಿ ಕಾಲೂರಲು ಕಲ್ಲಿದೆ ಎಂದು ಬಾಯಿಪಾಠ ಮಾಡಿಟ್ಟುಕೊಂಡಿದ್ದರಂತೆ. ಕಲ್ಲು ಸಿಗುವವರೆಗೆ ಗಾಡಿ ನಿಲ್ಲಿಸುತ್ತಿರಲಿಲ್ಲ. ಒಂದು ದಿನ ತರೀಕೆರೆಯ ಬಸ್ ಸ್ಟ್ಯಾಂಡಿನ ಎದುರು ಎಮ್ಮೆಯೊಂದು ಅಡ್ಡ ಬಂದಾಗ ಬ್ರೇಕು ಹಾಕಿ, ಕಾಲು ಕೊಟ್ಟು, ನೆಲ ಸಿಗದೆ ಗಾಡಿಯ ಸಮೇತ ಮಗುಚಿಕೊಂಡರು. ಅಲ್ಲಿದ್ದವರು ಎತ್ತುವುದಕ್ಕೆ ಮೊದಲು ನಕ್ಕರು. ಅವರು ಎದ್ದು ಸೀದಾ ನಮ್ಮ ಗ್ಯಾರೇಜಿಗೆ ಬಂದರು. ಮೊಣಕೈ ತರಚಿ ರಕ್ತ ಬರುತ್ತಿತ್ತು.

“ಮೇಸ್ತ್ರಿ, ಇದನ್ನ ಸ್ವಲ್ಪ ತಗ್ಗಿಸಿಕೊಡಕ್ಕೆ ಆಯ್ತದಾ?” ಎಂದು ಕೇಳಿದರು.

ಮೇಸ್ತ್ರಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಗಾಡಿ ತಗ್ಗಿಸೋ ಬದ್ಲು ನಿಮ್ಮನ್ನೇ ಎಳ್ದು ಉದ್ದ ಮಾಡಿದ್ರೆ ಸಸ್ತಾ ಆಗುತ್ತಲ್ಲ ಡಾಕ್ಟ್ರೇ?” ಎಂದರು. ಇಡೀ ಗ್ಯಾರೇಜು ನಕ್ಕಿತು. ನಾನೂ ನಕ್ಕೆ. ಕಲ್ಲೇಶಪ್ಪನವರು ಮಾತ್ರ ನಗಲೂ ಇಲ್ಲ, ಹೊರಟು ಹೋಗಲೂ ಇಲ್ಲ. ಉತ್ತರಕ್ಕಾಗಿ ನಿಂತೇ ಇದ್ದರು.

ಗಾಡಿ ಸೊಸೈಟಿಯದು, ಅವರ ಒಪ್ಪಿಗೆ ಬೇಕು ಎಂದರು ಮೇಸ್ತ್ರಿ. ಮಾರನೆಯ ದಿನ ಕಲ್ಲೇಶಪ್ಪನವರು ಸೊಸೈಟಿಯ ಮ್ಯಾನೇಜರನ್ನೇ ಕರೆದುಕೊಂಡು ಬಂದರು. ಇಸ್ತ್ರಿ ಮುರಿಯದ ಬಿಳಿ ಷರ್ಟಿನ ಮನುಷ್ಯ. ಗ್ಯಾರೇಜಿನೊಳಗೆ ಕಾಲಿಡದೆ ಬಾಗಿಲಲ್ಲೇ ನಿಂತರು.

“ಎರಡು ಸಾಲು ಬರ್ದು ಕೊಟ್ಬಿಡಿ ಸಾರ್, ಸೀಟು ತಗ್ಗಿಸ್ಬೋದು ಅಂತ” ಎಂದು ಕಲ್ಲೇಶಪ್ಪನವರು ಕೇಳಿಕೊಂಡದ್ದನ್ನು ನಾನು ನನ್ನ ಕಿವಿಯಾರೆ ಕೇಳಿದೆ.

“ಬರವಣಿಗೆ ಗಿರವಣಿಗೆ ಎಲ್ಲ ಬೇಡ ಕಣ್ರೀ. ಬರ್ದ್ರೆ ಕಮಿಟೀಲಿ ಇಡ್ಬೇಕು, ಅವ್ರು ನೂರು ಪ್ರಶ್ನೆ ಕೇಳ್ತಾರೆ. ಏನು ಬೇಕೋ ಮಾಡ್ಸ್ಕೊಳಿ, ನಂಗೆ ಗೊತ್ತಿಲ್ಲ ಅಂದ್ಕೊಳಿ” ಎಂದರು ಮ್ಯಾನೇಜರು. ಮೇಸ್ತ್ರಿಯ ಕಡೆ ತಿರುಗಿ, “ಬೇಗ ಮುಗ್ಸಿ. ನಾಡಿದ್ದರಿಂದ ಇವ್ರು ರೌಂಡ್ಸ್ ಹೋಗ್ಬೇಕು” ಎಂದು ಹೇಳಿ ಹೊರಟುಹೋದರು.

ಬೇಗ ಮುಗಿಸುವ ದಾರಿ ಮೇಸ್ತ್ರಿಗೆ ಗೊತ್ತಿತ್ತು. “ಲೇ ರಂಗ, ಹಿಂದಿನ ಶಾಕ್ ಬಿಚ್ಚು. ಎರಡೂ ಸ್ಪ್ರಿಂಗಲ್ಲಿ ಎರಡೆರಡು ಸುತ್ತು ಕುಯ್ದು ಬಿಸಾಕು.”

ಗುಂಡಿಯ ಹೊಡೆತ ತಡೆಯುವ ಶಾಕಿನ ಸ್ಪ್ರಿಂಗಿನ ತುದಿಯ ಸುತ್ತನ್ನು ಕಂಪನಿಯವರು ಚಪ್ಪಟೆ ಮಾಡಿರುತ್ತಾರೆ, ಬಟ್ಟಲಿನಲ್ಲಿ ಸಮನಾಗಿ ಕೂರಲಿ ಎಂದು. ಕುಯ್ದರೆ ಆ ಚಪ್ಪಟೆ ಹೋಗಿ ಮೊನೆ ಉಳಿಯುತ್ತದೆ, ಸ್ಪ್ರಿಂಗು ವಾರೆಯಾಗಿ ಕೂರುತ್ತದೆ. ಗಾಡಿಯ ಹಿಂಭಾಗ ಇಳಿದರೆ ಚಕ್ರಕ್ಕೂ ಮಡ್‌ಗಾರ್ಡಿಗೂ ಇರುವ ಸಂದು ಕಡಿಮೆಯಾಗುತ್ತದೆ. ಇವೆಲ್ಲ ನನಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಸಮಾಧಾನವೂ ನನಗಿಲ್ಲ. “ಮೇಸ್ತ್ರಿ, ಮಡ್‌ಗಾರ್ಡಿಗೆ ತಾಗಲ್ವಾ?” ಎಂದು ಒಂದೇ ಒಂದು ಸಲ ಕೇಳಿದೆ. “ನೀನು ಮೇಸ್ತ್ರಿನಾ, ನಾನಾ?” ಎಂದರು. ಬಾಯಿ ಮುಚ್ಚಿಕೊಂಡು ಗರಗಸ ಎತ್ತಿಕೊಂಡೆ.

ಕಲ್ಲೇಶಪ್ಪನವರು ಕುಳಿತು ನೋಡಿದರು. ಎರಡೂ ಕಾಲಿನ ಮುಂಗಾಲು ನೆಲಕ್ಕೆ ತಾಗಿತು. ಅವರ ಮುಖ ಎಷ್ಟು ಅರಳಿತೆಂದರೆ, ನನ್ನ ಭುಜ ತಟ್ಟಿ, “ಒಳ್ಳೆ ಕೆಲಸ ಮಾಡ್ದೆ ಕಣಪ್ಪಾ” ಎಂದರು.

ಎರಡನೆಯ ದಿನ ವಾಪಸು ಬಂದರು. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ನೆಟ್ಟಗೆ ನಿಂತು ಆಚೆ ಕಡೆಗೆ ಬೀಳುತ್ತಿದೆ ಎಂದರು. ಗಾಡಿ ಇಳಿಸಿದವರು ಸ್ಟ್ಯಾಂಡನ್ನೂ ಅಷ್ಟೇ ಮೋಟು ಮಾಡಬೇಕು, ನಾವು ಮಾಡಿರಲಿಲ್ಲ. “ಅದೇನ್ ಮಹಾ, ಗೋಡೆಗೆ ಒರಗಿಸಿ” ಎಂದರು ಮೇಸ್ತ್ರಿ. ಕಲ್ಲೇಶಪ್ಪನವರು ಮತ್ತೊಂದು ಮಾತು ಹೇಳಿದರು: “ಗುಂಡಿಗೆ ಇಳಿದಾಗ ಹಿಂದೆ ಸರ್ ಅಂತ ಸದ್ದು ಬತ್ತದೆ.” ನಾನು ಬಗ್ಗಿ ಮಡ್‌ಗಾರ್ಡಿನೊಳಗೆ ಕೈಯಾಡಿಸಿದೆ. ಟೈರು ಉಜ್ಜಿದ ಕಡೆ ಬಣ್ಣ ಹೋಗಿ ತಗಡು ಹೊಳೆಯುತ್ತಿತ್ತು. ಹಿಂದಿನ ದೀಪದ ಬೋಲ್ಟಿನ ತುದಿ ಒಳಗೆ ಅರ್ಧ ಇಂಚು ಚಾಚಿಕೊಂಡಿತ್ತು. ಮೇಸ್ತ್ರಿಯ ಮುಖ ನೋಡಿದೆ. ಅವರು ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದರು. “ಹೊಸದ್ರಲ್ಲಿ ಹಂಗೇ. ಸವೆದು ಸರಿಹೋಗುತ್ತೆ” ಎಂದು ಕಲ್ಲೇಶಪ್ಪನವರಿಗೆ ಹೇಳಿದವನು ನಾನು. ಆ ಸುಳ್ಳು ನನ್ನ ಬಾಯಿಂದಲೇ ಬಂತು.

ವಾರದೊಳಗೆ ಲಿಂಗದಹಳ್ಳಿ ರಸ್ತೆಯಲ್ಲಿ ಅದು ಆಯಿತು. ಹಿಂದೆ ಔಷಧಿ ಪೆಟ್ಟಿಗೆ, ಅದರ ಮೇಲೆ ಲಸಿಕೆ ಕೆಡದಂತೆ ಐಸು ತುಂಬಿದ ಡಬ್ಬ. ಮೋರಿಯ ಹತ್ತಿರದ ಗುಂಡಿಗೆ ಗಾಡಿ ಇಳಿದಾಗ ಬೋಲ್ಟು ಟೈರನ್ನು ಸೀಳಿತು. ಕಲ್ಲೇಶಪ್ಪನವರು ಮೋರಿಯ ಕೆಳಗೆ ಬಿದ್ದರು, ಗಾಡಿ ಅವರ ಮೇಲೆ ಬಿತ್ತು. ತೊಡೆಯ ಮೂಳೆ ಎರಡು ತುಂಡು. ಹುಲ್ಲಿನ ಗಾಡಿಯವನೊಬ್ಬ ಬರುವವರೆಗೆ ಬಿಸಿಲಿನಲ್ಲಿ ಹಾಗೇ ಬಿದ್ದಿದ್ದರು.

ಮುರಿದ ಗಾಡಿಯನ್ನು ಲಾರಿಯಲ್ಲಿ ಹೊತ್ತು ತಂದು ಸೊಸೈಟಿಯ ಅಂಗಳದಲ್ಲಿ ಹಾಕಿದರು. ಕಮಿಟಿಯವರು ಬಂದು ನೋಡಿದರು. ಸ್ಪ್ರಿಂಗು ಕುಯ್ದದ್ದು ಕುರುಡನಿಗೂ ಕಾಣುವ ಹಾಗಿತ್ತು. ಮೂರು ದಿನ ಕಳೆದ ಮೇಲೆ ಅದೇ ಬಿಳಿ ಷರ್ಟಿನ ಮ್ಯಾನೇಜರು ಟೈಪ್ ಮಾಡಿದ ಒಂದು ಹಾಳೆ ಹಿಡಿದು ನಮ್ಮ ಗ್ಯಾರೇಜಿಗೆ ಬಂದರು. ಈ ಸಲ ಒಳಗೇ ಬಂದು ಸ್ಟೂಲಿನ ಮೇಲೆ ಕುಳಿತರು. ಗಾಡಿ ನಮ್ಮಲ್ಲಿಗೆ ಬಂದಾಗಲೇ ಸ್ಪ್ರಿಂಗು ಕುಯ್ದಿತ್ತು, ಅಪಾಯ ಎಂದು ನಾವು ಎಚ್ಚರಿಸಿದರೂ ಕಲ್ಲೇಶಪ್ಪ ಕೇಳಲಿಲ್ಲ ಎಂದು ಆ ಹಾಳೆಯಲ್ಲಿ ಬರೆದಿತ್ತು. ಮ್ಯಾನೇಜರು ಬಂದು ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟದ್ದರ ಸುದ್ದಿಯೇ ಅದರಲ್ಲಿರಲಿಲ್ಲ.

ಮೇಸ್ತ್ರಿ ಓದದೆ ಸಹಿ ಮಾಡಿದರು. ನಾನು ಓದಿದೆ. ಪೂರ್ತಿ ಓದಿಯೇ ಸಹಿ ಮಾಡಿದೆ. “ಪೊಲೀಸ್ ಕೇಸಾದ್ರೆ ಗರಗಸ ಹಿಡ್ದೋನು ನೀನೇ ಕಣ್ಲಾ” ಎಂದು ಮೇಸ್ತ್ರಿ ಕಿವಿಯಲ್ಲಿ ಹೇಳಿದ್ದರು. ಹೆದರಿಕೆಯಾಯಿತು. ಇಷ್ಟೇ ಕಾರಣ, ದೊಡ್ಡದೇನೂ ಇಲ್ಲ. ಹುಡುಗರೇ, ನಿಮ್ಮಲ್ಲಿ ಯಾರಾದರೂ ಹೆದರಿ ಇಂಥ ಹಾಳೆಗೆ ಸಹಿ ಮಾಡುವ ದಿನ ಬಂದರೆ ನೆನಪಿಡಿ: ಹೆದರಿಕೆ ಒಂದು ವಾರಕ್ಕೆ ಇಳಿದುಹೋಗುತ್ತದೆ, ಸಹಿ ಹಾಗೇ ಇರುತ್ತದೆ.

ಕಲ್ಲೇಶಪ್ಪನವರ ಮೇಲೆ ತಪ್ಪು ಹೊರಿಸಿದರು. ಸೊಸೈಟಿಯ ಸ್ವತ್ತನ್ನು ಅಪ್ಪಣೆಯಿಲ್ಲದೆ ಕೆಡಿಸಿದವರು ಎಂದು ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಕೆಲಸದಿಂದ ತೆಗೆಯಲಿಲ್ಲ, ಕಾಲು ವಾಸಿಯಾದ ಮೇಲೆ ಮತ್ತೆ ಸೈಕಲ್ಲು ಎಂದರು. ಮುರಿದು ಕೂಡಿಕೊಂಡ ಕಾಲಿನಲ್ಲಿ ಸೈಕಲ್ಲು!

ಮೂರು ತಿಂಗಳು ನಾನು ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಒಂದು ಭಾನುವಾರ ಅಜ್ಜಂಪುರಕ್ಕೆ ಬಸ್ಸು ಹತ್ತಿ ಅವರ ಮನೆ ಹುಡುಕಿಕೊಂಡು ಹೋದೆ. ಅವರು ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಕುಳಿತಿದ್ದರು. ಅವರ ಹೆಂಡತಿ ಗಿರಿಜಮ್ಮ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದರು. ಹೇಳಬೇಕಾದ್ದನ್ನು ನಿಂತಲ್ಲೇ ಹೇಳಿದೆ. ಕುಯ್ದದ್ದು ನಾನು, ಉಜ್ಜಿದ ಗುರುತು ನೋಡಿಯೂ ಸುಮ್ಮನಿದ್ದದ್ದು ನಾನು, ಸುಳ್ಳು ಹಾಳೆಗೆ ಸಹಿ ಮಾಡಿದ್ದೂ ನಾನು. “ತಪ್ಪಾಯ್ತು ಕಲ್ಲೇಶಪ್ಪನೋರೆ” ಎಂದೆ.

ಗಿರಿಜಮ್ಮ ಮೊರ ಕೆಳಗಿಟ್ಟು ಎದ್ದರು.

“ನಮ್ಮನೆ ಪಡಸಾಲೇಲಿ ನಿಂತ್ಕೊಂಡು ತಪ್ಪಾಯ್ತು ಅಂದ್ರೆ ಯಾರಿಗೆ ಕೇಳ್ಸುತ್ರೀ? ನಂಗಾ? ಈ ಗೋಡೆಗಾ? ಸುಳ್ಳನ್ನ ಕಾಗದದ ಮೇಲೆ ಬರ್ಕೊಟ್ಟು, ನಿಜಾನ ಬಾಯಲ್ಲಿ ಹೇಳಕ್ಕೆ ಬಂದಿದೀರಲ್ಲ, ನಾಚ್ಕೆ ಆಗಲ್ವಾ? ಹೋಗಿ, ಅದನ್ನೂ ಬರ್ಕೊಡಿ.”

ಅಷ್ಟು ನೆಟ್ಟಗೆ ನನಗೆ ಯಾರೂ ಬೈದಿರಲಿಲ್ಲ. ಅಲ್ಲೇ ಅವರ ಮನೆಯ ಜಗಲಿಯ ಮೇಲೆ ಕುಳಿತು ಬರೆದೆ. ಮಾರನೆಯ ದಿನ ಸೊಸೈಟಿಗೆ ಹೋಗಿ ಮ್ಯಾನೇಜರ ಮೇಜಿನ ಮೇಲೆ ಇಟ್ಟೆ. ಅವರು ನಿಧಾನವಾಗಿ ಓದಿ, ಮಡಿಸಿ, ನನಗೇ ವಾಪಸು ಚಾಚಿದರು.

“ಏನಪ್ಪಾ ರಂಗಸ್ವಾಮಿ, ಹೋದ್ಸಲ ನೀನು ಬರ್ಕೊಟ್ಟಿದ್ದು ಸುಳ್ಳು ಅಂತೀಯ. ಸುಳ್ಳು ಬರ್ಕೊಡೋನು ಅಂತ ನೀನೇ ಒಪ್ಕೊಂಡ ಮೇಲೆ, ಈಗ ಬರ್ದಿರೋದನ್ನ ನಾನು ಹೆಂಗಪ್ಪಾ ನಂಬ್ಲಿ?”

“ನೀವೇ ಬಂದು ಒಪ್ಪಿಗೆ ಕೊಟ್ರಲ್ಲ ಸಾರ್! ಬಾಗ್ಲಲ್ಲಿ ನಿಂತಿದ್ರಲ್ಲ!”

“ಎಲ್ಲೈತೆ ಬರ್ದಿರೋದು? ತೋರ್ಸು.”

ಆ ಮೇಜನ್ನು ಎತ್ತಿ ಮಗುಚಬೇಕೆನಿಸಿತು. ಮಗುಚಲಿಲ್ಲ. ಕಾಗದವನ್ನು ಅಂಚೆಯಲ್ಲಿ ಕಮಿಟಿಗೂ ಕಳಿಸಿದೆ, ಉತ್ತರ ಬರಲಿಲ್ಲ. ವಿಷಯ ತಿಳಿದು ಮೇಸ್ತ್ರಿ ನನ್ನ ಬಟ್ಟೆಯ ಗಂಟನ್ನು ರಸ್ತೆಗೆ ಎಸೆದರು. “ಉಂಡ ಮನೆಗೆ ಕನ್ನ ಹಾಕ್ದೋನು” ಎಂದು ತರೀಕೆರೆಯ ಎಲ್ಲ ಗ್ಯಾರೇಜಿಗೂ ಹೇಳಿಟ್ಟರು. ಅಲ್ಲಿ ಯಾರೂ ಕೆಲಸ ಕೊಡಲಿಲ್ಲ. ಕಡೂರಿಗೆ ಬಂದು ಬೀರೂರು ರಸ್ತೆಯಲ್ಲಿ ನಾಲ್ಕು ತಗಡು ಹೊದೆಸಿ ನನ್ನದೇ ಕೆಲಸ ಶುರು ಮಾಡಿದೆ.

ಎಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾಗಿರಬೇಕು. ಒಂದು ಬೆಳಿಗ್ಗೆ ಹಳೆಯ ಮೋಟಾರ್ ಸೈಕಲ್ಲೊಂದನ್ನು ತಳ್ಳಿಕೊಂಡು ಒಬ್ಬರು ಕುಂಟುತ್ತ ಬಂದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮೊದಲು ಗುರುತಾಗಲಿಲ್ಲ. ಕಲ್ಲೇಶಪ್ಪನವರು! ತಮ್ಮದೇ ಸ್ವಂತಕ್ಕೆ ಕೊಂಡ ಗಾಡಿ. ಸೈಕಲ್ಲು ತುಳಿದು ತುಳಿದು ಕಾಲು ಊದಿಕೊಳ್ಳುತ್ತಿತ್ತಂತೆ.

“ತಗ್ಗಿಸಿಕೊಡು” ಎಂದರು.

“ನನ್ನ ಹತ್ರ ಯಾಕೆ ಬಂದ್ರಿ? ಬೇರೆ ಮೇಸ್ತ್ರಿ ಸಿಗ್ಲಿಲ್ವಾ ನಿಮ್ಗೆ?” ಎಂದೆ.

“ಸ್ಪ್ರಿಂಗು ಕುಯ್ದ್ರೆ ಏನಾಯ್ತದೆ ಅಂತ ಕಣ್ಣಾರೆ ಕಂಡಿರೋ ಮೇಸ್ತ್ರಿ ನೀನೊಬ್ನೇ” ಎಂದರು.

ಹದಿನೈದು ದಿನ ಆ ಗಾಡಿ ನನ್ನ ಬಳಿ ಇತ್ತು. ಮೊದಲು ಗಾಡಿಯನ್ನು ಮುಟ್ಟಲಿಲ್ಲ, ಮನುಷ್ಯನನ್ನು ಅಳೆದೆ. ದಿನಾ ಹಾಕುವ ಚಪ್ಪಲಿಯಲ್ಲೇ ನಿಲ್ಲಿಸಿ ಕಾಲಿನ ಒಳ ಅಳತೆ ತೆಗೆದೆ. ಮುರಿದ ಕಾಲು ಇನ್ನೊಂದಕ್ಕಿಂತ ಬೆರಳಗಲ ಮೋಟಾಗಿತ್ತು. ಅದನ್ನು ಅಳೆಯುವಾಗ ನಾನು ತಲೆ ಎತ್ತಲಿಲ್ಲ.

ಆಮೇಲೆ ಸೀಟು. ಎಷ್ಟೋ ಸಲ ಕಾಲು ಸಿಗದಿರುವುದಕ್ಕೆ ಕಾರಣ ಸೀಟಿನ ಎತ್ತರಕ್ಕಿಂತ ಅದರ ಅಗಲ. ತೊಡೆ ಅಗಲಿದಷ್ಟೂ ಪಾದ ಮೇಲೇಳುತ್ತದೆ. ಕಡೂರಿನಲ್ಲಿ ಕುಷನ್ ಕೆಲಸ ಮಾಡುತ್ತಿದ್ದ ಬಾಷಾ ಸಾಹೇಬರು ರೆಕ್ಸಿನ್ ಬಿಚ್ಚಿ, ಮುಂದಿನ ಎರಡು ಮೂಲೆಯ ಸ್ಪಂಜನ್ನು ಬ್ಲೇಡಿನಲ್ಲಿ ಹೆರೆದು, ಕುಳಿತುಕೊಳ್ಳುವ ಜಾಗದಲ್ಲಿ ತೆಳ್ಳಗೆ ತೆಗೆದು, ಮತ್ತೆ ಹೊಲಿದುಕೊಟ್ಟರು. ಅದರಲ್ಲೇ ಒಂದೂವರೆ ಇಂಚು ಸಿಕ್ಕಿತು. ಸ್ಪ್ರಿಂಗಿಗೆ ಗರಗಸ ಮುಟ್ಟಿಸದೆ ಸಿಕ್ಕ ಒಂದೂವರೆ ಇಂಚು! ತರೀಕೆರೆಯಲ್ಲಿ ಅವತ್ತು ಇದೊಂದನ್ನೇ ಮಾಡಿದ್ದರೂ ಸಾಕಿತ್ತು. ಈ ಮಾತು ಹೊಳೆದಾಗ ಕೈಲಿದ್ದ ಸ್ಪ್ಯಾನರನ್ನು ಗೋಡೆಗೆ ಎಸೆದೆ. ಬಾಷಾ ಸಾಹೇಬರು ಬೆಚ್ಚಿಬಿದ್ದರು.

ಈಗ ಕಾಲೇ ಮೋಟಾಗಿದ್ದರಿಂದ ಇನ್ನೂ ಒಂದಿಂಚು ಬೇಕಾಗಿತ್ತು. ಶಿವಮೊಗ್ಗದ ಗುಜರಿಯಲ್ಲಿ ಹುಡುಕಿ, ಅಷ್ಟೇ ಗಟ್ಟಿಯ, ಒಂದಿಂಚು ಮೋಟಾದ ಜೋಡಿ ಶಾಕ್ ತಂದೆ. ಹಿಂದೆ ಇಳಿಸಿದಷ್ಟೇ ಮುಂದೆಯೂ ಇಳಿಸಬೇಕು, ಇಲ್ಲವಾದರೆ ಹ್ಯಾಂಡಲ್ ಹಿಡಿತ ತಪ್ಪುತ್ತದೆ. ಪುಣ್ಯಕ್ಕೆ ಆ ಗಾಡಿಯ ಮುಂದಿನ ಚಕ್ರ ಹಿಡಿದಿರುವ ಫೋರ್ಕು ಮೇಲಕ್ಕೆ ಜಾರಿಸಲು ಬರುವಂಥದ್ದು, ಒಂದಿಂಚು ಜಾರಿಸಿದೆ. ಎರಡೂ ಸ್ಟ್ಯಾಂಡು ಮೋಟು ಮಾಡಿಸಿದೆ. ಅವರನ್ನು ಗಾಡಿಯ ಮೇಲೆ ಕೂರಿಸಿಯೇ ಚೈನು ಬಿಗಿ ಮಾಡಿದೆ. ಮಡ್‌ಗಾರ್ಡಿನ ಒಳಗೆ ಚಾಚಿದ್ದ ಬೋಲ್ಟುಗಳನ್ನೆಲ್ಲ ತೆಗೆದು, ತಲೆ ಒಳಕ್ಕೂ ನಟ್ಟು ಹೊರಕ್ಕೂ ಬರುವಂತೆ ತಿರುಗಿಸಿ ಹಾಕಿದೆ. ಕೊನೆಗೆ ಒದ್ದೆ ಜೇಡಿಮಣ್ಣಿನ ಉಂಡೆಗಳನ್ನು ಮಡ್‌ಗಾರ್ಡಿನ ಒಳಗೆ ಅಂಟಿಸಿ, ಹಿಂದೆ ಎರಡು ಮೂಟೆ ಭತ್ತ ಹೇರಿ, ಮರವಂಜಿ ಕಡೆಯ ಕೆಟ್ಟ ರಸ್ತೆಯಲ್ಲಿ ನಾನೇ ಓಡಿಸಿದೆ. ವಾಪಸು ಬಂದು ನೋಡಿದರೆ ಉಂಡೆಗಳು ಅಂಟಿಸಿದಂತೆಯೇ ಇದ್ದವು. ಟೈರು ಒಂದನ್ನೂ ಮುಟ್ಟಿರಲಿಲ್ಲ.

ಅವರಿಗೆ ಇನ್ನೊಂದನ್ನೂ ಹೇಳಿಕೊಟ್ಟೆ. ಎರಡೂ ಹಿಮ್ಮಡಿ ಊರಬೇಕಾಗಿಲ್ಲ. ನಿಲ್ಲಿಸುವಾಗ ಸ್ವಲ್ಪ ಎಡಕ್ಕೆ ಸರಿದು ಒಂದು ಪಾದವನ್ನು ಪೂರ್ತಿ ಊರಿದರೆ ಗಾಡಿ ಎಲ್ಲಿಗೂ ಹೋಗದು. ರೈಲ್ವೆ ಗೇಟಿನ ಹತ್ತಿರ, ಕಲ್ಲಿಲ್ಲ, ಜಗಲಿಯಿಲ್ಲ, ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕಾಲೂರಿಕೊಂಡು ಅವರು ಸುತ್ತ ನೋಡಿದರು. ರೈಲು ಹೋದ ಮೇಲೂ ಅಲ್ಲೇ ನಿಂತಿದ್ದರು. ಹಿಂದಿನ ಲಾರಿಯವನು ಹಾರನ್ ಬಡಿದು ಬೈದ.

ಅವರಿಂದ ಹೆಸರು ಹಬ್ಬಿತು. ಕಡೂರು, ತರೀಕೆರೆ, ಅಜ್ಜಂಪುರದಿಂದ, ಆಚೆ ಕೆಮ್ಮಣ್ಣುಗುಂಡಿಯ ಕಡೆಯಿಂದಲೂ ಜನ ಬಂದರು. ಒಬ್ಬ ಮಾವನಾಗಲಿದ್ದವನು, ಮದುವೆಗೆ ಕೊಡುವ ಗಾಡಿಯನ್ನು ಅಳಿಯನಿಗೆ ಗೊತ್ತಾಗದ ಹಾಗೆ ತಗ್ಗಿಸಿಕೊಡು, ಅವನಿಗೆ ಅವಮಾನವಾಗುತ್ತದೆ ಎಂದ. ಕೂರುವವನು ಬರದೆ ಅಳತೆ ತೆಗೆಯುವುದಿಲ್ಲ ಎಂದೆ. ಸಂಜೆಯೊಳಗೆ ಸ್ಪ್ರಿಂಗು ಕುಯ್ದು ಕೊಡು ಎಂದವರನ್ನು ಬೈದು ಕಳಿಸಿದೆ. ಕೆಲವರು ಬೇರೆ ಗ್ಯಾರೇಜಿನಲ್ಲಿ ಕುಯ್ಯಿಸಿಕೊಂಡರು. ಅವರಲ್ಲಿ ಬಿದ್ದವರೂ ಇದ್ದಾರೆ. ನನ್ನ ಬಾಯಿ ಕೆಟ್ಟದ್ದು ಎಂದು ಹೆಸರಾಯಿತು, ಆಗಲಿ.

ಎಂಬತ್ತರ ದಶಕದ ಕೊನೆಯಲ್ಲಿ ಕಲ್ಲೇಶಪ್ಪನವರೇ ಒಂದು ದಿನ ಅದೇ ಸೊಸೈಟಿಯ ಹೊಸ ಮ್ಯಾನೇಜರನ್ನು ಕರೆದುಕೊಂಡು ಬಂದರು. ಬಿಳಿ ಷರ್ಟಿನ ಹಳೆಯ ಮ್ಯಾನೇಜರು ನಿವೃತ್ತರಾಗಿದ್ದರು, ಹಾರ ಹಾಕಿಸಿಕೊಂಡು ಹೋದರಂತೆ. ಹೊಸ ಕಾಂಪೌಂಡರ್ ಒಬ್ಬ ಸೇರಿದ್ದಾನೆ, ಅವನೂ ಗಿಡ್ಡ, ಸೊಸೈಟಿಯ ಗಾಡಿಯನ್ನು ಕಲ್ಲೇಶಪ್ಪನವರ ಗಾಡಿಯ ಹಾಗೆಯೇ ತಗ್ಗಿಸಿಕೊಡಬೇಕು ಎಂದರು ಹೊಸ ಮ್ಯಾನೇಜರು.

“ಬರ್ದು ಕೊಡಿ” ಎಂದೆ.

“ಇಷ್ಟು ಸಣ್ಣ ಕೆಲಸಕ್ಕೆ ಕಾಗದ ಯಾಕ್ರೀ?”

ನನಗೆ ಎಲ್ಲಿತ್ತೋ ಆ ಸಿಟ್ಟು! ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡುವಷ್ಟು ಗಟ್ಟಿಯಾಗಿ ಕೂಗಿದೆ. “ಯಾಕಾ? ನಿಮ್ಮ ಪಕ್ಕದಲ್ಲಿ ನಿಂತವ್ರಲ್ಲ, ಅವ್ರ ಕಾಲು ನೋಡಿ! ಈ ಸಣ್ಣ ಕೆಲಸದಲ್ಲೇ ಮುರ್ದ ಕಾಲು ಅದು! ಕಾಗದ ಇಲ್ದೆ ತಪ್ಪೂ ಅವ್ರ ತಲೆಗೇ ಬಂತು! ಅವ್ರ ಸೇವಾ ಪುಸ್ತಕ ತೆಗ್ದು ನೋಡಿ, ಕೆಂಪು ಶಾಯಿ ಇನ್ನೂ ಹಂಗೇ ಇರ್ಬೇಕು! ಬರ್ದು ಕೊಡಿ, ಆಮೇಲೆ ಸ್ಪ್ಯಾನರ್ ಎತ್ತೀನಿ!” ಒಂದನ್ನೂ ಬಿಡದೆ ಎಲ್ಲ ಹೇಳಿದೆ. ನನ್ನ ಸಹಿಯ ವಿಷಯವನ್ನೂ ಬಿಡಲಿಲ್ಲ.

ಹೊಸ ಮ್ಯಾನೇಜರು ಕಲ್ಲೇಶಪ್ಪನವರ ಕಾಲಿನ ಕಡೆ ನೋಡಿದರು. ಜೇಬಿನಿಂದ ಪೆನ್ನು ತೆಗೆದರು. ನನ್ನ ಬೆಂಚಿನ ಮೇಲೆ ಗ್ರೀಸಿಲ್ಲದ ಒಂದು ಮೂಲೆ ಹುಡುಕಿ ಹಾಳೆಯಿಟ್ಟು ಬರೆದು, ಸಹಿ ಮಾಡಿ, ನನ್ನ ಕೈಗೆ ಕೊಟ್ಟರು. ಒಂದು ನಿಮಿಷವೂ ಹಿಡಿಯಲಿಲ್ಲ.

ಕಲ್ಲೇಶಪ್ಪನವರು ಆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಓದಿದರು. ತಿರುಗಿಸಿ ಹಿಂಭಾಗ ನೋಡಿದರು, ಅಲ್ಲೇನೂ ಇರಲಿಲ್ಲ. ಮತ್ತೆ ಮುಂಭಾಗ ಓದಿದರು.

“ಇಷ್ಟೇ ಇತ್ತಲ್ಲೋ ರಂಗಸ್ವಾಮಿ” ಎಂದರು. “ಎರಡೇ ಸಾಲು.”